ಅಡ್ಡಗೋಡೆ ಮೇಲೆ ದೀಪ, ದೀಪಕ್ಕೆ ಶೇ. 30 ತೆರಿಗೆ

ನಮ್ಮಕ್ಕ ತಿಪಟೂರಿನವಳು. ನಲವತ್ತು ವರ್ಷದಿಂದ ಎಪಿಎಂಸಿ ಯಾರ್ಡಿಗೆ ಕೊಬ್ಬರಿ ಹಾಕುತ್ತಿದ್ದಾಳೆ. ಯಾವ ವ್ಯವಹಾರದ ಸುದ್ದಿ ತೆಗೆದರೂ ಅವಳದು ಮೂರೇ ಪ್ರಶ್ನೆ. ಅಂಗಡಿ ಎಲ್ಲಿದೆ? ಲೈಸೆನ್ಸ್ ಇದೆಯಾ? ಬಿಲ್ ಕೊಡ್ತಾರಾ, ಬಿಳಿ ಚೀಟಿ ಕೊಡ್ತಾರಾ? ಈ ಮೂರಕ್ಕೆ ಸರಿಯಾದ ಉತ್ತರ ಸಿಗದೆ ಅವಳು ಒಂದು ಚೀಲ ಕೊಬ್ಬರಿಯನ್ನೂ ಗಾಡಿಯಿಂದ ಇಳಿಸಿದವಳಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವಳ ಮಗ, ಅಮ್ಮ ಕೊಟ್ಟ ಕೊಬ್ಬರಿ ದುಡ್ಡನ್ನು ಹೊರದೇಶದ ಕ್ರಿಪ್ಟೋ ಎಕ್ಸ್‌ಚೇಂಜ್ ಒಂದರಲ್ಲಿ ಹಾಕಿದ್ದಾನೆಂದು ಗೊತ್ತಾದ ದಿನ ನನಗೆ ಫೋನ್ ಬಂತು. "ನೀನು ಮೂವತ್ತು ವರ್ಷ ಬ್ಯಾಂಕಲ್ಲಿ ಕೂತಿದ್ದೋನಲ್ವೇನೋ? ಅದು ಕಾನೂನಿನ ಪ್ರಕಾರ ಸರಿಯೋ ತಪ್ಪೋ, ಒಂದೇ ಮಾತಲ್ಲಿ ಹೇಳು. ಒಲೆ ಮೇಲೆ ಹಾಲಿಟ್ಟಿದೀನಿ."

ಹಾಲು ಉಕ್ಕಿತು. ಆ ಒಂದು ಮಾತನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಹುಡುಗನನ್ನೇ ಕರೆಸಿದೆ. ಫೋನ್ ತೆರೆದು ಆ ಎಕ್ಸ್‌ಚೇಂಜಿನ ಷರತ್ತುಗಳನ್ನು ತೋರಿಸಿದ. ಹೆಬ್ಬೆರಳು ನೋಯುವಷ್ಟು ಕೆಳಗೆ ಎಳೆದ ಮೇಲೆ 'ನಿರ್ಬಂಧಿತ ದೇಶಗಳು' ಅಂತ ಒಂದು ಪಟ್ಟಿ. ಉತ್ತರ ಕೊರಿಯಾ, ಇರಾನ್, ಕ್ಯೂಬಾ, ಸಿರಿಯಾ. ಅದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದೆ ಅಮೆರಿಕ.

"ಇವರ ಸಾಲಲ್ಲಿ ಅಮೆರಿಕ ಯಾಕಪ್ಪ?"

"ಅಲ್ಲಿಯವರಿಗೆ ಸರ್ವಿಸ್ ಕೊಟ್ರೆ ಕೇಸ್ ಹಾಕ್ತಾರೆ ಮಾಮ, ಜೈಲಿಗೂ ಕಳಿಸ್ತಾರೆ."

"ಮತ್ತೆ ನಾವು?"

"ನಾವು ಪಟ್ಟಿಯಲ್ಲಿಲ್ಲ. ಇಂಡಿಯಾ ಓಕೆ."

ಅಂದರೆ ಅದು ಕಂಪನಿ ಯಾರಿಗೆಲ್ಲ ಹೆದರುತ್ತದೆ ಎನ್ನುವ ಪಟ್ಟಿ. ನೂರ ನಲವತ್ತು ಕೋಟಿ ಜನರ ಹೆಸರು ಅದರಲ್ಲಿ ಇಲ್ಲದ್ದು ಹೆಮ್ಮೆಯೋ ಅವಮಾನವೋ ಎಂದು ಯೋಚಿಸುತ್ತ ನಾನು ಕನ್ನಡಕ ಒರೆಸಿಕೊಂಡೆ.

ನನ್ನ ಮಟ್ಟಿಗೆ ಈ ಕಥೆ ಶುರುವಾದದ್ದು 2018ರ ಏಪ್ರಿಲ್ 6ರಂದು. ಆಗಿನ್ನೂ ನಾನು ನೌಕರಿಯಲ್ಲಿದ್ದೆ. ಕ್ರಿಪ್ಟೋ ವ್ಯವಹಾರ ಮಾಡುವ ಯಾರಿಗೂ ಯಾವ ಸೇವೆಯನ್ನೂ ಕೊಡಕೂಡದು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು. ಬ್ಯಾಂಕಿನವರಿಗೆ ಸುತ್ತೋಲೆ ಎಂದರೆ ದೇವರ ಅಪ್ಪಣೆ. ಹೂ ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂದು ಕೂಡ ನೋಡುವುದಿಲ್ಲ. ಗಮನಿಸಿ, ಬಿಟ್‌ಕಾಯಿನ್ ಕೊಳ್ಳುವುದು ಅಪರಾಧ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಕೊಳ್ಳುವವನಿಗೆ ಬ್ಯಾಂಕು ಬಾಗಿಲು ತೆರೆಯಬಾರದು, ಅಷ್ಟೆ. ಮದುವೆ ನಿಷೇಧವಿಲ್ಲ, ಛತ್ರ ಮಾತ್ರ ಕೊಡಬೇಡಿ ಎಂದ ಹಾಗೆ.

ಅದೇ ವರ್ಷ ಅಕ್ಟೋಬರಿನಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ಎಟಿಎಂ ತರಹದ್ದೊಂದು ಪೆಟ್ಟಿಗೆ ತಲೆಯೆತ್ತಿತು. ಇಟ್ಟವರು ಯುನೋಕಾಯಿನ್ ಕಂಪನಿಯವರು. 2013ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಕಂಪನಿ ಅದು, ಅಕ್ಕನ ಜಿಲ್ಲೆಯದೇ. ಬ್ಯಾಂಕು ಬಾಗಿಲು ಮುಚ್ಚಿದ್ದರಿಂದ ರೂಪಾಯಿ ಹಾಕಲು, ತೆಗೆಯಲು ಒಂದು ಯಂತ್ರ. ಹೆಸರಿತ್ತು, ಬೋರ್ಡಿತ್ತು, ಮಾಲಿನ ಅಂತಸ್ತಿತ್ತು. ಅಕ್ಕನ ಮೊದಲ ಪ್ರಶ್ನೆಗೆ ಪೂರ್ತಿ ಅಂಕ. ಹಾಗಾಗಿ ಪೊಲೀಸರಿಗೂ ಹುಡುಕುವ ಶ್ರಮ ಬೀಳಲಿಲ್ಲ. ನೆಟ್ಟಗೆ ಬಂದರು, ಯಂತ್ರ ಹೊತ್ತುಕೊಂಡು ಹೋದರು, ಸ್ಥಾಪಕರನ್ನು ಬಂಧಿಸಿದರು. ವಿಳಾಸ ಇಟ್ಟುಕೊಂಡರೆ ಏನಾಗುತ್ತದೆ ಎಂದು ಇಡೀ ಉದ್ಯಮ ಅವತ್ತೇ ಪಾಠ ಕಲಿತಿರಬೇಕು.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರ ಇಲ್ಲವೆಂದಲ್ಲ, ಆದರೆ ಆದ ಹಾನಿಯನ್ನೇ ತೋರಿಸದೆ ಇಷ್ಟು ದೊಡ್ಡ ದೊಣ್ಣೆ ಬೀಸಿದ್ದು ಅತಿಯಾಯಿತು ಎಂಬುದು ತೀರ್ಪಿನ ಸಾರ. ಬ್ಯಾಂಕುಗಳು ಮಾತ್ರ ಸತ್ತ ಸುತ್ತೋಲೆಯ ತಿಥಿ ಮಾಡುತ್ತಲೇ ಇದ್ದವು. ಗ್ರಾಹಕರಿಗೆ ಅದೇ 2018ರ ಕಾಗದದ ಹೆಸರು ಹೇಳಿ ಎಚ್ಚರಿಕೆ ಕಳಿಸುತ್ತಿದ್ದವು. ಕೊನೆಗೆ 2021ರ ಮೇ 31ರಂದು ರಿಸರ್ವ್ ಬ್ಯಾಂಕೇ 'ಅದು ಸತ್ತಿದೆ, ಅದರ ಹೆಸರು ಎತ್ತಬೇಡಿ' ಎಂದು ಹೇಳಬೇಕಾಯಿತು.

ಈ ನಡುವೆ ದಿಲ್ಲಿಯಲ್ಲಿ ಮಸೂದೆಗಳ ಮೆರವಣಿಗೆ. 2019ರಲ್ಲಿ ಬಹಿರಂಗವಾದ ಒಂದು ಕರಡಿನಲ್ಲಿ ಕ್ರಿಪ್ಟೋ ಇಟ್ಟುಕೊಂಡವರಿಗೆ ಹತ್ತು ವರ್ಷದವರೆಗೆ ಜೈಲು ಎಂದಿತ್ತು. 2021ರಲ್ಲಿ ಬಜೆಟ್ ಅಧಿವೇಶನದ ಪಟ್ಟಿಯಲ್ಲಿ ನಿಷೇಧದ ಮಸೂದೆ ಬಂತು, ಮಂಡನೆಯಾಗಲಿಲ್ಲ. ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಮತ್ತೆ ಬಂತು, ಮತ್ತೆ ಮಂಡನೆಯಾಗಲಿಲ್ಲ. ಎರಡು ಸಲ ಲಗ್ನಪತ್ರಿಕೆ ಅಚ್ಚಾಯಿತು, ಎರಡು ಸಲವೂ ದಿಬ್ಬಣ ಹೊರಡಲಿಲ್ಲ.

ಹೊರಟಿದ್ದು ತೆರಿಗೆ. 2022ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು 'ವರ್ಚುವಲ್ ಡಿಜಿಟಲ್ ಅಸೆಟ್' ಎಂದು ಹೊಸ ನಾಮಕರಣ ಮಾಡಿ, ಅದರ ಲಾಭಕ್ಕೆ ಶೇ. 30ರ ತೆರಿಗೆ ಹಾಕಿದರು. ಜುಲೈ 1ರಿಂದ ಪ್ರತಿ ಮಾರಾಟಕ್ಕೆ ಶೇ. 1 ಟಿಡಿಎಸ್. ಹಾಗಾದರೆ ಇದು ಕಾನೂನುಬದ್ಧವಾಯಿತೇ ಎಂದು ಕೇಳಿದವರಿಗೆ, ತೆರಿಗೆ ಹಾಕುವುದು ಸರ್ಕಾರದ ಹಕ್ಕು, ಕಾನೂನುಬದ್ಧವೋ ಅಲ್ಲವೋ ಎನ್ನುವುದು ಬೇರೆ ವಿಷಯ ಎಂಬ ಅರ್ಥದ ಉತ್ತರ ರಾಜ್ಯಸಭೆಯಲ್ಲಿ ಸಿಕ್ಕಿತು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದು ಗಾದೆ ಕಟ್ಟಿದವರು ಇದನ್ನು ಊಹಿಸಿರಲಾರರು. ಇಲ್ಲಿ ಅಕ್ಕಿ ಮೇಲೆ ಮಾತ್ರ ಆಸೆ; ನೆಂಟ ಯಾರೆಂದೇ ಗೊತ್ತಿಲ್ಲ.

ಶೇ. 30 ಎನ್ನುವ ಅಂಕಿಯೂ ಬರಿದೇ ಬಂದದ್ದಲ್ಲ. ಲಾಟರಿ ಹೊಡೆದರೂ ಅಷ್ಟೇ, ಕುದುರೆ ಗೆದ್ದರೂ ಅಷ್ಟೇ. ಕುದುರೆಯಾದರೆ ರೇಸ್ ಕೋರ್ಸಿನಲ್ಲಿ ಕಣ್ಣಿಗಾದರೂ ಬೀಳುತ್ತದೆ, ಸೋತರೆ ಅದಕ್ಕೇ ಬೈಯಬಹುದು. ಅದೇ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರು, ಈ ಕ್ರಿಪ್ಟೋಗಳ ಹಿಂದೆ ಆಧಾರವಾಗಿ ಏನೂ ಇಲ್ಲ, ಒಂದು ಟ್ಯುಲಿಪ್ ಹೂವು ಕೂಡ ಇಲ್ಲ ಎಂದರು. ಮೊದಲ ವಾರ ಹೂವಿಗೆ ತೆರಿಗೆ, ಎರಡನೇ ವಾರ ಹೂವೇ ಇಲ್ಲ. ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಪ್ರಕರಣವೊಂದರಲ್ಲಿ ಕೇಂದ್ರದ ವಕೀಲರನ್ನು ಅಕ್ಕನ ಪ್ರಶ್ನೆಯನ್ನೇ ಕೇಳಿತು: ಇದು ಕಾನೂನುಬಾಹಿರವೋ ಅಲ್ಲವೋ, ನಿಲುವು ಹೇಳಿ. ಅಲ್ಲೂ ಹಾಲು ಉಕ್ಕಿರಬೇಕು.

ಏಪ್ರಿಲ್ ಬಂತು. ಅಮೆರಿಕದ ಕಾಯಿನ್‌ಬೇಸ್ ಕಂಪನಿಯವರು ಬೆಂಗಳೂರಿಗೇ ಬಂದು ವೇದಿಕೆ ಹಾಕಿ, ಇನ್ನು ಯುಪಿಐನಲ್ಲೇ ಕ್ರಿಪ್ಟೋ ಕೊಳ್ಳಿರಿ ಎಂದು ಸಾರಿದರು. ಯುಪಿಐ ನಡೆಸುವ ಎನ್‌ಪಿಸಿಐ ಅಂದೇ ಒಂದು ಹೇಳಿಕೆ ಕೊಟ್ಟಿತು: ಯುಪಿಐ ಬಳಸುತ್ತಿರುವ ಯಾವ ಕ್ರಿಪ್ಟೋ ಎಕ್ಸ್‌ಚೇಂಜೂ ನಮಗೆ ಗೊತ್ತಿಲ್ಲ. ನಿಲ್ಲಿಸಿ ಎಂದು ಯಾರೂ ಅನ್ನಲಿಲ್ಲ. 'ನೀನು ಯಾರೋ ಗೊತ್ತಿಲ್ಲ' ಎಂದರು ಅಷ್ಟೆ. ಕೆಲವೇ ದಿನಗಳಲ್ಲಿ ಯುಪಿಐ ಬಂದ್. ರಿಸರ್ವ್ ಬ್ಯಾಂಕಿನಿಂದ ಅನೌಪಚಾರಿಕ ಒತ್ತಡ ಬಂತು ಎಂದು ಆ ಕಂಪನಿಯ ಮುಖ್ಯಸ್ಥರು ಆಮೇಲೆ ಹೇಳಿಕೊಂಡರು. ಬ್ಯಾಂಕಿನಲ್ಲಿದ್ದವನಾಗಿ ನಾನು ಈ ವಿಧಾನಕ್ಕೆ ಕೈ ಮುಗಿಯುತ್ತೇನೆ. ಬರೆದರೆ ಕೋರ್ಟಿಗೆ ಹೋಗುತ್ತಾರೆ. ಕೆಮ್ಮಿದರೆ ಯಾರೂ ಹೋಗುವುದಿಲ್ಲ.

ಟಿಡಿಎಸ್ ಬಂದ ಮೇಲೆ ಆದದ್ದನ್ನು ಅಳಿಯನ ಬಾಯಲ್ಲೇ ಕೇಳಿ: "ಮಾಮ, ಇಲ್ಲಿನ ಎಕ್ಸ್‌ಚೇಂಜಲ್ಲಿ ಪ್ರತಿ ಸಲ ಮಾರಿದಾಗ ಪರ್ಸೆಂಟ್ ಕಟ್. ಹೊರಗಿನದ್ರಲ್ಲಿ ಕಟ್ ಇಲ್ಲ. ನಮ್ಮ ಆಫೀಸಲ್ಲಿ ಎಲ್ಲ ಅಲ್ಲಿಗೆ ಹೋದ್ರು." ಇದ್ದ ಊರಿನ ಸಂತೆಗೆ ಸುಂಕದ ಕಟ್ಟೆ ಕಟ್ಟಿ, ಪಕ್ಕದ ಕಾಲುದಾರಿಯನ್ನು ಹಾಗೇ ಬಿಟ್ಟರೆ ಜನ ಎಲ್ಲಿ ನಡೆಯುತ್ತಾರೆ ಎಂದು ಹೇಳಲು ಅರ್ಥಶಾಸ್ತ್ರಜ್ಞ ಬೇಕಿಲ್ಲ.

ಕಾಲುದಾರಿಯ ಆಚೆ ಕಡೆ ಇದ್ದವರು ಯಾರು? ಜಗತ್ತಿನ ಅತಿ ದೊಡ್ಡ ಎಕ್ಸ್‌ಚೇಂಜ್ ಬೈನಾನ್ಸ್ ಅನ್ನೇ ತೆಗೆದುಕೊಳ್ಳಿ. 2017ರಲ್ಲಿ ಚೀನಾದಲ್ಲಿ ಶುರು, ಅಲ್ಲಿ ಬಾಗಿಲು ಮುಚ್ಚಿದರೆಂದು ಜಪಾನ್, ಆಮೇಲೆ ಮಾಲ್ಟಾ. 2020ರಲ್ಲಿ ಮಾಲ್ಟಾದ ನಿಯಂತ್ರಣ ಸಂಸ್ಥೆಯೇ 'ಇವರಿಗೆ ನಾವು ಪರವಾನಗಿ ಕೊಟ್ಟಿಲ್ಲ' ಎಂದಿತು. ಹಾಗಾದರೆ ನಿಮ್ಮ ಕಚೇರಿ ಎಲ್ಲಿ ಎಂದರೆ ಸ್ಥಾಪಕ ಚಾಂಗ್‌ಪೆಂಗ್ ಝಾವೊ, ನಾನು ಎಲ್ಲಿ ಕೂರುತ್ತೇನೋ ಅದೇ ಕಚೇರಿ ಎಂಬ ಧಾಟಿಯಲ್ಲಿ ಮಾತಾಡಿದರು. ತಿಪಟೂರಿನ ಯಾರ್ಡಿನಲ್ಲಿ ಒಬ್ಬ ದಲ್ಲಾಳಿ ಹೀಗೆ ಹೇಳಲಿ ನೋಡೋಣ. ಅವನ ಮಳಿಗೆ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಅವನಪ್ಪನ ಹೆಸರು ಎಲ್ಲ ಅಕ್ಕನಿಗೆ ಬಾಯಿಪಾಠ.

ನಮ್ಮದೇ ದೇಶದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಕಥೆ ಇನ್ನೂ ಸೊಗಸು. ಅದನ್ನು ನಾವು ಕೊಂಡಿದ್ದೇವೆ ಎಂದು ಬೈನಾನ್ಸ್ 2019ರಲ್ಲಿ ಘೋಷಿಸಿತ್ತು. 2022ರ ಆಗಸ್ಟಿನಲ್ಲಿ ಇ.ಡಿ.ಯವರು ವಜೀರ್‌ಎಕ್ಸ್ ಕಂಪನಿಯ 64.67 ಕೋಟಿ ರೂಪಾಯಿಗೆ ಬೀಗ ಹಾಕಿದರು. ಬೀಗ ಬಿದ್ದದ್ದೇ ತಡ, ಝಾವೊ ಟ್ವಿಟರಿನಲ್ಲಿ 'ನಾವು ಅದನ್ನು ಕೊಂಡೇ ಇಲ್ಲ, ವ್ಯವಹಾರ ಮುಗಿದೇ ಇರಲಿಲ್ಲ' ಎಂದರು. ಇತ್ತ ಕಡೆಯವರು 'ಕೊಂಡಿದ್ದೀರಿ' ಎಂದರು. ಆಸ್ತಿಗಾಗಿ ಅಣ್ಣತಮ್ಮಂದಿರು ನನ್ನದು ನನ್ನದು ಎಂದು ಬಡಿದಾಡುವುದನ್ನು ನೋಡಿದ್ದೇನೆ. ಸಾವಿರಾರು ಜನರ ಸಾರ್ವಜನಿಕ ಪಂಚಾಯಿತಿಯಲ್ಲಿ ಇಬ್ಬರು ಶ್ರೀಮಂತರು ನಿನ್ನದು ನಿನ್ನದು ಎಂದು ಬಡಿದಾಡಿದ್ದು ಅದೇ ಮೊದಲು. 2024ರ ಜುಲೈ 18ರಂದು ಅಲ್ಲಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ದುಡ್ಡು ಕಳೆದುಕೊಂಡ ದೇಸಿ ಗ್ರಾಹಕರು ಯಾವ ಕೋರ್ಟಿನ ಕಡೆ ನೋಡಬೇಕಾಯಿತು ಗೊತ್ತೇ? ಸಿಂಗಪುರದ ಹೈಕೋರ್ಟಿನ ಕಡೆ. ಮೂಲ ಕಂಪನಿ ನೋಂದಣಿಯಾಗಿದ್ದುದು ಅಲ್ಲಿ.

ಸರ್ಕಾರ ಸುಮ್ಮನಿರಲಿಲ್ಲ. 2023ರ ಮಾರ್ಚ್ 7ರಂದು ಕ್ರಿಪ್ಟೋ ಸೇವೆ ಕೊಡುವವರನ್ನೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ತಂದಿತು. ಇಲ್ಲಿ ಅಂಗಡಿ ಇರಲಿ ಬಿಡಲಿ, ಇಲ್ಲಿನವರ ಜೊತೆ ವ್ಯವಹಾರ ಮಾಡಿದರೆ ಹಣಕಾಸು ಗುಪ್ತಚರ ಘಟಕದಲ್ಲಿ ಹೆಸರು ಬರೆಸಬೇಕು. ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಕ್ರಾಕೆನ್, ಬಿಟ್‌ಫೈನೆಕ್ಸ್ ಸೇರಿ ಒಂಬತ್ತು ಹೊರದೇಶಿ ಕಂಪನಿಗಳಿಗೆ ನೋಟಿಸು. ನವಗ್ರಹಗಳಿಗೂ ಒಂದೇ ದಿನ ಶಾಂತಿ. 2024ರ ಜನವರಿಯಲ್ಲಿ ಆ್ಯಪ್‌ಗಳು ಫೋನಿನ ಅಂಗಡಿಗಳಿಂದ ಮಾಯ, ತಾಣಗಳಿಗೆ ತಡೆ. ಅಳಿಯ ಅಂದು ಸಂಜೆಯೇ ವಿಪಿಎನ್ ಹಾಕಿಕೊಂಡು, ಬೆಂಗಳೂರಿನ ಬಾಡಿಗೆ ಮನೆಯ ಮಂಚದ ಮೇಲೆ ಮಲಗಿಕೊಂಡೇ ನೆದರ್ಲೆಂಡ್ಸ್ ನಿವಾಸಿಯಾದ. ವೀಸಾ ಇಲ್ಲದೆ ನಮ್ಮ ವಂಶದಲ್ಲಿ ಯುರೋಪಿಗೆ ಹೋದವನು ಅವನೊಬ್ಬನೇ.

ಆಮೇಲೆ ಒಬ್ಬೊಬ್ಬರೇ ಹಿಂದಿನ ಬಾಗಿಲಿಂದ ಬಂದು ಪಾದ ತೊಳೆದುಕೊಂಡರು. ಕುಕಾಯಿನ್ 34.5 ಲಕ್ಷ ರೂಪಾಯಿ ದಂಡ ಕಟ್ಟಿತು. ಬೈನಾನ್ಸ್‌ಗೆ 18.82 ಕೋಟಿ. ಬೈಬಿಟ್‌ಗೆ 9.27 ಕೋಟಿ. ಇದೇ ಬೈನಾನ್ಸ್ ಅಮೆರಿಕದಲ್ಲಿ 2023ರಲ್ಲಿ ತಪ್ಪೊಪ್ಪಿಕೊಂಡು ಒಪ್ಪಿದ ಮೊತ್ತ 430 ಕೋಟಿ ಡಾಲರ್. ಝಾವೊಗೆ ನಾಲ್ಕು ತಿಂಗಳ ಸೆರೆವಾಸ ಬೇರೆ. (2025ರ ಅಕ್ಟೋಬರಿನಲ್ಲಿ ಝಾವೊಗೆ ಟ್ರಂಪ್ ಕ್ಷಮಾದಾನ ಕೊಟ್ಟರು, ಅದು ಬೇರೆ ಪುರಾಣ.) ಅಮೆರಿಕ ಆ ಪಟ್ಟಿಯಲ್ಲಿ ಯಾಕಿದೆ, ನಾವು ಯಾಕಿಲ್ಲ ಎನ್ನುವ ನನ್ನ ಗೊಂದಲ ಈ ಎರಡು ಅಂಕಿ ಅಕ್ಕಪಕ್ಕ ಇಟ್ಟಾಗ ತಿಳಿಯಾಯಿತು.

ದಂಡ ಕಟ್ಟಿ ಹೆಸರು ಬರೆಸಿದ ಮೇಲೆ ಅವರೆಲ್ಲ 'ನಾವೀಗ ಭಾರತದಲ್ಲಿ ನೋಂದಾಯಿತರು' ಎಂದು ಡಂಗುರ ಹೊಡೆದರು. ಅಳಿಯನ ಗೆಳೆಯರೂ ಅದನ್ನೇ ಲೈಸೆನ್ಸ್ ಎಂದುಕೊಂಡಿದ್ದಾರೆ. ಇದೊಂದು ಜಾಗದಲ್ಲಿ ವ್ಯಂಗ್ಯ ಬಿಟ್ಟು ನೇರವಾಗಿ ಹೇಳುತ್ತೇನೆ, ಬ್ಯಾಂಕಿನ ಅಭ್ಯಾಸ. ಆ ನೋಂದಣಿ ಎಂದರೆ ಗ್ರಾಹಕರ ಗುರುತು ಪರಿಶೀಲಿಸುತ್ತೇವೆ, ಅನುಮಾನದ ವ್ಯವಹಾರ ಕಂಡರೆ ಸರ್ಕಾರಕ್ಕೆ ವರದಿ ಮಾಡುತ್ತೇವೆ ಎಂದು ಬರೆದುಕೊಟ್ಟದ್ದು. ನಿಮ್ಮ ದುಡ್ಡು ಮುಳುಗಿದರೆ ಕೊಡುವವರು ಯಾರು ಎಂದು ಅದರಲ್ಲಿ ಇಲ್ಲ. ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆ ಇಲ್ಲ, ಸೆಬಿಯದ್ದೂ ಇಲ್ಲ, ಠೇವಣಿ ವಿಮೆಯಂತೂ ಇಲ್ಲವೇ ಇಲ್ಲ. ಕಳ್ಳ ಬಂದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಮಾತು ಕೊಟ್ಟ ಅಂಗಡಿಯವನು ಅವನು; ತಾನೇ ಗಂಟು ಕಟ್ಟಿದರೆ ಏನು ಮಾಡಬೇಕೆಂದು ಆ ಮಾತಿನಲ್ಲಿ ಬರುವುದಿಲ್ಲ. ಹೆಸರು ಬರೆಸದವರಿಗೆ ನೋಟಿಸಿನ ಪ್ರಸಾದ ಮುಂದುವರಿದಿದೆ. 2025ರ ಅಕ್ಟೋಬರಿನಲ್ಲಿ ಇನ್ನೂ 25 ಕಂಪನಿಗಳಿಗೆ ಹೋಯಿತು. ಅಳಿಯನ ಎಕ್ಸ್‌ಚೇಂಜ್ ಯಾವುದೆಂದು ನಾನು ಹೇಳುವುದಿಲ್ಲ.

ಇನ್ನು ರೂಪಾಯಿ ಅಲ್ಲಿಗೆ ಹೋಗುವುದು ಹೇಗೆ? ಹೊರದೇಶಕ್ಕೆ ಹಣ ಕಳಿಸಲು ಎ2 ಫಾರಂ ಇದೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. ಉದ್ದೇಶ ಏನೆಂದು ಬರೆಯಬೇಕು. ಮಗನ ಓದು, ಚಿಕಿತ್ಸೆ, ಪ್ರವಾಸ, ಉಡುಗೊರೆ, ಎಲ್ಲಕ್ಕೂ ಒಂದೊಂದು ಸಂಕೇತ ಸಂಖ್ಯೆ. ನನ್ನ ಸರ್ವೀಸಿನಲ್ಲಿ ಆ ಫಾರಂಗಳನ್ನು ನೂರಾರು ತುಂಬಿಸಿದ್ದೇನೆ. ಕ್ರಿಪ್ಟೋ ಎಂಬ ಉದ್ದೇಶಕ್ಕೆ ಸಂಖ್ಯೆಯೇ ಇಲ್ಲ. ಹಾಗಾಗಿ ಹುಡುಗರು 'ಪಿ2ಪಿ' ಮಾಡುತ್ತಾರೆ. ಕೊಳ್ಳುವಾಗ ಇವನು ಎಲ್ಲೋ ಇರುವ ಒಬ್ಬ ಅಪರಿಚಿತನ ಖಾತೆಗೆ ರೂಪಾಯಿ ಹಾಕುತ್ತಾನೆ, ಅವನು ಇವನಿಗೆ ಡಾಲರಿನ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ನಾಣ್ಯ ಬಿಡುತ್ತಾನೆ; ಮಾರುವಾಗ ಇದೇ ಉಲ್ಟಾ. ಎಕ್ಸ್‌ಚೇಂಜು ಮಧ್ಯದಲ್ಲಿ ನಿಂತ ಶಾಸ್ತ್ರಿಗಳು. ದುಡ್ಡು ಮುಟ್ಟುವುದಿಲ್ಲ, ದಕ್ಷಿಣೆ ಬಿಡುವುದಿಲ್ಲ.

ಅಳಿಯ ಎಲ್ಲ ಮಾರಿ ಹೊರಬರೋಣ ಎಂದು ಹೀಗೆ ಮಾರಿದ. ಹಣ ಬಂತು. ಒಂಬತ್ತನೇ ದಿನ ಹೋಟೆಲಿನಲ್ಲಿ ದೋಸೆ ತಿಂದು ಫೋನ್ ಹಿಡಿದರೆ ಪೇಮೆಂಟ್ ಹೋಗಲಿಲ್ಲ. ನಾನೇ ಜೊತೆಗೆ ಶಾಖೆಗೆ ಹೋದೆ. ಮ್ಯಾನೇಜರ್ ಮೂವತ್ತು ದಾಟದ ಹುಡುಗಿ, ಪರದೆ ತಿರುಗಿಸಿ ತೋರಿಸಿದಳು: ಡೆಬಿಟ್ ಫ್ರೀಜ್. ರೂಪಾಯಿ ಹಾಕಿದ ಆ ಅಪರಿಚಿತನ ಖಾತೆಗೆ, ಅದಕ್ಕೂ ಮೊದಲು ಇನ್ಯಾರದೋ ಖಾತೆಗೆ, ಯಾರೋ ಮೋಸ ಹೋದವರ ಹಣ ಬಂದಿತ್ತಂತೆ. ಬೇರೆ ರಾಜ್ಯದ ಸೈಬರ್ ಠಾಣೆಯೊಂದರಿಂದ ಆದೇಶ.

"ಸರ್, ನಾವೇನೂ ಮಾಡೋಕಾಗಲ್ಲ. ಆ ಠಾಣೆಯಿಂದ ಎನ್‌ಒಸಿ ತನ್ನಿ."

"ಆ ಎಕ್ಸ್‌ಚೇಂಜಿನವರನ್ನ ಕೇಳಿದ್ರಾ ಅವರು?"

"ಅವರನ್ನ ಎಲ್ಲಿ ಅಂತ ಕೇಳ್ತಾರೆ ಸರ್?" ಎಂದಳು. ನನ್ನದೇ ಇಲಾಖೆಯ ಮಗಳು, ನಾನು ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದಳು. ಇವನದಾದರೆ ಆಧಾರ್ ಇದೆ, ಪ್ಯಾನ್ ಇದೆ, ಬಾಡಿಗೆ ಕರಾರಿದೆ, ತಿಪಟೂರಿನ ಕಾಯಂ ವಿಳಾಸ ಇದೆ. ಕೆಂಪ್ ಫೋರ್ಟ್ ಮಾಲಿನ ಆ ಪೆಟ್ಟಿಗೆಯ ಹಾಗೆ ಬೋರ್ಡು ಹಾಕಿಕೊಂಡು ನಿಂತಿದ್ದಾನೆ. ಈಗ ತಿಂಗಳ ಸಂಬಳ ಖಾತೆಯ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಅಷ್ಟರಲ್ಲಿ ರಿಟರ್ನ್ಸ್ ಕಾಲ ಬಂತು. ಆದಾಯ ತೆರಿಗೆ ಫಾರಂನಲ್ಲಿ ಈಗ 'ಷೆಡ್ಯೂಲ್ ವಿಡಿಎ' ಎಂದೇ ಒಂದು ಪುಟ. ಕೊಂಡ ದಿನಾಂಕ, ಮಾರಿದ ದಿನಾಂಕ, ಕೊಂಡ ಬೆಲೆ, ಬಂದ ಹಣ. ಎಷ್ಟು ಚೊಕ್ಕಟವಾಗಿ, ಎಷ್ಟು ಅಕ್ಕರೆಯಿಂದ ಕೇಳುತ್ತಾರೆಂದರೆ ಮದ್ರಾಸ್ ಹೈಕೋರ್ಟ್ ಇದನ್ನು ಆಸ್ತಿ ಎಂದಿದ್ದು, ಸುಪ್ರೀಂ ಕೋರ್ಟಿನ ಪೀಠವೊಂದು ಹವಾಲಾಕ್ಕೆ ಹೋಲಿಸಿದ್ದು, ಎರಡೂ ಅದೇ 2025ರಲ್ಲಿ, ಯಾವುದೂ ಆ ಪುಟಕ್ಕೆ ತಟ್ಟಿಯೇ ಇಲ್ಲ. ಅಳಿಯ ಒಂದು ನಾಣ್ಯದಲ್ಲಿ 40,000 ಗಳಿಸಿದ್ದ, ಇನ್ನೊಂದರಲ್ಲಿ 52,000 ಕಳೆದುಕೊಂಡಿದ್ದ. ಒಟ್ಟಿಗೆ ಹನ್ನೆರಡು ಸಾವಿರ ನಷ್ಟ ಎಂದು ನೀವೂ ನಾನೂ ಲೆಕ್ಕ ಹಾಕುತ್ತೇವೆ. ಕಾಯ್ದೆಯ ಪ್ರಕಾರ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ನಲವತ್ತು ಸಾವಿರಕ್ಕೆ ಶೇ. 30 ಎಂದರೆ 12,000. ಅದರ ಮೇಲೆ ಸೆಸ್ 480. ನಷ್ಟ 12,000, ಆ ನಷ್ಟದ ಮೇಲೆ ತೆರಿಗೆ 12,480. ಎಕ್ಸ್‌ಚೇಂಜಿಗಿಂತ ಸರ್ಕಾರವೇ 480 ರೂಪಾಯಿ ಜಾಸ್ತಿ ಕಸಿಯಿತು ಎಂದು ಲೆಕ್ಕದಲ್ಲಿ ಪಕ್ಕಾ ಇರುವ ಅಳಿಯ ಹೇಳಿದ.

ಕಟ್ಟಲು ಅವನ ಖಾತೆಗೆ ಬೀಗ. ಒಂದು ಇಲಾಖೆ ಕಟ್ಟು ಎನ್ನುತ್ತದೆ, ಇನ್ನೊಂದು ಇಲಾಖೆ ಕೈ ಕಟ್ಟಿ ಹಾಕಿದೆ. ನನ್ನ ಪಿಂಚಣಿ ಖಾತೆಯಿಂದಲೇ ಕಟ್ಟಿದೆ. ಕಾಫಿ ಆರುವ ಮುಂಚೆ ಚಲನ್ ಬಂತು, ಹಿಂದೆಯೇ ರಿಟರ್ನ್ಸ್ ಸ್ವೀಕೃತಿ ಬಂತು. ಅಳಿಯನ ಹೆಸರು, ವಿಳಾಸ, ಪಿನ್‌ಕೋಡ್ ಎಲ್ಲ ತಪ್ಪಿಲ್ಲದೆ.

ರಾತ್ರಿ ಅಕ್ಕ ಫೋನ್ ಮಾಡಿದಳು.

"ಅಂಗಡಿ ಎಲ್ಲಿದೆ ಅಂತ ಗೊತ್ತಾಯ್ತೇನೋ?"

"ಇಲ್ಲ ಅಕ್ಕ."

"ಲೈಸೆನ್ಸು?"

"ಇಲ್ಲ."

"ಬಿಲ್ಲಾದ್ರೂ ಕೊಟ್ರಾ, ಬಿಳಿ ಚೀಟಿನಾ?"

"ಬಿಲ್ಲು ಬಂದಿದೆ."

"ಯಾರು ಕೊಟ್ರೋ?"

"ಸರ್ಕಾರ."